ಹಳೇ ಸೀಡಿ ಬೀರುವಿನಲ್ಲೇ ಉಳಿದಿತ್ತು

ನಮ್ಮನೆಯವರ ಮಿದುಳಿನ ಗಡ್ಡೆಗೆ ರೇಡಿಯೇಷನ್ನಿನ 30 ಸಿಟ್ಟಿಂಗ್ ಮುಗಿದು ಐದನೇ ವಾರ. ದೊಡ್ಡಬಳ್ಳಾಪುರದ ಬಸ್ ನಿಲ್ದಾಣದಲ್ಲಿ ಮಗಳು ಎಂಆರ್‌ಐ ರಿಪೋರ್ಟ್ ಬಿಚ್ಚಿದಳು. ಎರಡನೇ ಹಾಳೆಗೆ ಬಂದವಳು ಓದುವುದನ್ನೇ ನಿಲ್ಲಿಸಿದಳು.

‘ಏನೇ ಅದು?’

‘ಗಡ್ಡೆ ಮತ್ತೆ ಬೆಳೆದಿದೆ ಅಂತ ಬರೆದಿದಾರಮ್ಮ.’

ಅಷ್ಟರಲ್ಲಿ ಟೀ ಕುಡಿದು ಬಂದ ನಮ್ಮನೆಯವರು ನನ್ನ ಮುಖ ನೋಡಿದರು. ‘ಎಲ್ಲಾ ಸರಿಯಾಗಿದೆಯಂತೆ’ ಅಂದೆ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವರಿಗೆ ಅಂಥ ಸುಳ್ಳು ಹೇಳಿದವಳಲ್ಲ.

ಘಾಟಿ ಸುಬ್ರಹ್ಮಣ್ಯದಲ್ಲಿ ಆಗ ದನಗಳ ಜಾತ್ರೆ. ಆಪರೇಷನ್ನಿಗೆಂದು ನಮ್ಮ ಜೋಡಿ ಎತ್ತು ಮಾರಿದ್ದೆವು. ಅಲ್ಲಿ ಬಸ್ಸಿಳಿದ ಇವರು ಯಾರದೋ ಜೋಡಿಯ ಮುಂದೆ ನಿಂತು, ‘ನಮ್ಮ... ನಮ್ಮ...’ ಅಂದರು. ತಾವೇ ಇಟ್ಟ ಹೆಸರು ಬಾಯಿಗೆ ಬರಲಿಲ್ಲ. ಗಡ್ಡೆ ಇದ್ದದ್ದು ಎಡಗಡೆ, ಮಾತಿನ ಜಾಗದ ಹತ್ತಿರ. ಎತ್ತಿನ ಕೊರಳು ತಡವುತ್ತಾ ನಿಂತೇ ಇದ್ದರು. ನನಗೆ ಕಾಲು ಕಿತ್ತಿಡಲಾಗಲಿಲ್ಲ.

ರಾತ್ರಿ ಭಾವ ಬಂದರು. ‘ನೋಡಮ್ಮ, ಎಷ್ಟು ಸುರಿದ್ರೂ ಇಷ್ಟೇ. ಮಾತ್ರೆ ನಿಲ್ಸು. ನಾಗರಕಲ್ಲು ಪ್ರತಿಷ್ಠೆ ಮಾಡ್ಸೋಣ.’ ಪ್ರತಿಷ್ಠೆ ಭಕ್ತಿಯಿಂದಲೇ ಮಾಡಿಸಿದೆ, ಅದಕ್ಕೆ ಬೇಸರವಿಲ್ಲ. ಆದರೆ ಆ ತಿಂಗಳ ಐದು ದಿನದ ಟೆಮೊಜೊಲೊಮೈಡ್ ಎಂಬ ಕೀಮೊ ಮಾತ್ರೆ ತಪ್ಪಿತು. ಭಾವನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಡಾಕ್ಟರಿಗೆ ಒಂದು ಫೋನ್ ಮಾಡದ ನನ್ನ ಮೇಲಿನದೂ ಇಳಿದಿಲ್ಲ.

ತಡವಾಗಿ ಬೆಂಗಳೂರಿಗೆ ಹೋದಾಗ ಡಾಕ್ಟರು ಕೇಳಿದ ಮೊದಲ ಮಾತು: ‘ಆಪರೇಷನ್ ಆದ್ಮೇಲಿನ ಸ್ಕ್ಯಾನ್ ಎಲ್ಲಿ?’ ಅದರ ಸೀಡಿ ಬೀರುವಿನಲ್ಲಿ ಸೀರೆಗಳ ಕೆಳಗಿತ್ತು. ಸ್ಕ್ಯಾನ್ ಸೆಂಟರಿನವರು ಅದನ್ನು ಕೇಳಿರಲಿಲ್ಲ. ರೇಡಿಯೇಷನ್ ಯಾವಾಗ ಮುಗಿಯಿತೆಂದೂ ಬರೆದುಕೊಂಡಿರಲಿಲ್ಲ. ಮಗಳು ಮರುದಿನ ಸೀಡಿ ತಂದುಕೊಟ್ಟಳು.

ಎರಡನ್ನೂ ಪಕ್ಕಪಕ್ಕ ಇಟ್ಟು ಡಾಕ್ಟರು ಬಿಡಿಸಿ ಹೇಳಿದರು. ರೇಡಿಯೇಷನ್ ಬಿದ್ದ ಜಾಗ ಊದಿಕೊಳ್ಳುತ್ತದೆ, ಅಲ್ಲಿಯ ರಕ್ತನಾಳ ಸೋರುತ್ತದೆ. ಕೈಗೆ ಚುಚ್ಚುವ ಕಾಂಟ್ರಾಸ್ಟ್ ಔಷಧಿ ಅಲ್ಲಿಗೆ ಇಳಿದು ಬೆಳ್ಳಗೆ ಕಾಣುತ್ತದೆ, ಥೇಟ್ ಗಡ್ಡೆಯ ಹಾಗೆ. ಅದಕ್ಕೇ ರೇಡಿಯೇಷನ್ ಮುಗಿದ ಮೊದಲ 12 ವಾರ, ರೇಡಿಯೇಷನ್ ಕೊಟ್ಟ ಜಾಗದ ಆಚೆ ಹೊಸದು ಕಂಡರೆ ಅಥವಾ ಬಯಾಪ್ಸಿಯಲ್ಲಿ ಸಿಕ್ಕರೆ ಮಾತ್ರ ಗಡ್ಡೆ ಬೆಳೆದಿದೆ ಎಂದು ತೀರ್ಮಾನಿಸಬೇಕೆಂದು 2010ರಲ್ಲೇ ತಜ್ಞರು ನಿಯಮ ಮಾಡಿದ್ದಾರಂತೆ. ಬೆಳೆಯುವ ಗಡ್ಡೆ ಸಾಮಾನ್ಯವಾಗಿ ರಕ್ತ ಹೆಚ್ಚು ಎಳೆದುಕೊಳ್ಳುತ್ತದೆ. ಅದನ್ನು ನೋಡಲು ಪರ್ಫ್ಯೂಷನ್ ಎಂಆರ್‌ಐ ಮಾಡಿಸಿದರು. ರಕ್ತದ ಹರಿವು ಕಡಿಮೆಯಿತ್ತು. ಎರಡು ತಿಂಗಳು ಬಿಟ್ಟು ಮತ್ತೆ ನೋಡಿದಾಗ ಬಿಳಿ ಕಲೆ ಕುಗ್ಗಿತ್ತು. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ.

ಇಂಥ ದಾರಿಯಲ್ಲಿರುವವರಿಗೆ ನಾಲ್ಕು ಮಾತು. ಫಿಲಂ ಸಾಲದು, ಪ್ರತಿ ಸ್ಕ್ಯಾನಿನ ಸೀಡಿ ಕೇಳಿ ಪಡೆಯಿರಿ, ಎಲ್ಲವನ್ನೂ ಪ್ರತಿ ಸಲ ಒಯ್ಯಿರಿ. ಆಪರೇಷನ್ ಮತ್ತು ರೇಡಿಯೇಷನ್ ತಾರೀಕು ಚೀಟಿಯಲ್ಲಿ ಬರೆದುಕೊಡಿ. ಡೆಕ್ಸಾಮೆಥಾಸೋನ್ ಎಷ್ಟು ತಗೊಳ್ಳುತ್ತಿದ್ದಾರೆಂದು ಹೇಳಿ. ಅದು ಊತ ಇಳಿಸಿ ಚಿತ್ರವನ್ನೇ ಬದಲಿಸುತ್ತದೆ. ರಿಪೋರ್ಟ್ ಓದಿ ಮನೆಯಲ್ಲಿ ತೀರ್ಮಾನ ಮಾಡಬೇಡಿ.

ಕಾಯಿಲೆ ಹೋಯಿತೆಂದು ಡಾಕ್ಟರು ಹೇಳಿಲ್ಲ. ಮುಂದಿನ ಸ್ಕ್ಯಾನಿಗೆ ಎರಡು ತಿಂಗಳಿದೆ. ಸೀಡಿಗಳ ಚೀಲ ಈಗ ಬಾಗಿಲ ಪಕ್ಕದ ಮೊಳೆಯಲ್ಲಿದೆ.