ಮೈಸೂರಿಗೆ ಶಿಬಿರಕ್ಕೆ ಹೋಗುವವರಿಗೆ

ನಮ್ಮ ಕಾಲೇಜಿನಿಂದ ಪ್ರತಿ ವರ್ಷವೂ ಕೆಲವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನಡೆಯುವ ಅಲ್ಪಾವಧಿಯ ಶಿಕ್ಷಣಕ್ಕೆ ಹೋಗಿಬರುವುದುಂಟು. ಅಧ್ಯಾಪಕರು ಪುನಶ್ಚೇತನ ಶಿಬಿರಕ್ಕೆ ಹೋಗುತ್ತಾರೆ. ವಿದ್ಯಾರ್ಥಿಗಳು ಹಸ್ತಪ್ರತಿ, ಜಾನಪದ, ಭಾಷಾಶಾಸ್ತ್ರ ಇಂಥ ಯಾವುದಾದರೊಂದು ಕಾರ್ಯಾಗಾರಕ್ಕೆ ಹೋಗುತ್ತಾರೆ. ಹೊರಡುವ ಮುನ್ನ ಎಲ್ಲರೂ ವಿಚಾರಿಸುವುದು ಅಲ್ಲಿ ಏನು ಕಲಿಸುತ್ತಾರೆ ಎಂಬುದನ್ನು. ಹಿಂದಿರುಗಿದ ಮೇಲೆ ಅವರಲ್ಲಿ ಅನೇಕರ ಬಾಯಲ್ಲಿ ಬರುವ ಮಾತು ಮಾತ್ರ ಬೇರೆ: ಆಟೋದ ಬಾಡಿಗೆ, ತಪ್ಪಿಹೋದ ಬಸ್ಸು, ಸಿಗದ ಕೋಣೆ. ಹತ್ತು ದಿನದ ಶಿಬಿರದಲ್ಲಿ ಮೊದಲಿನ ಎರಡು ದಿನ ದಾರಿ ಹುಡುಕುವುದರಲ್ಲಿಯೂ, ಕೊನೆಯ ದಿನ ಊರಿಗೆ ಹೊರಡುವ ತರಾತುರಿಯಲ್ಲಿಯೂ ಕಳೆದರೆ ಉಳಿಯುವುದು ಏಳೇ ದಿನ. ಆ ಏಳು ದಿನದ ಸಂಜೆಗಳೂ ಕೈತಪ್ಪಿದರೆ ಶಿಬಿರದ ಅರ್ಧ ಫಲ ಹೋದಂತೆಯೇ. ಮೂರು ಬಾರಿ ಹೋಗಿ ಬಂದ ಅನುಭವದಿಂದ ನಾಲ್ಕು ಮಾತು ಹೇಳುವುದು ಅಪ್ರಸ್ತುತವಾಗಲಾರದೆಂದು ಭಾವಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ತಿಳಿಯಬೇಕಾದುದು, 'ವಿಶ್ವವಿದ್ಯಾನಿಲಯ' ಎಂಬುದು ಮೈಸೂರಿನಲ್ಲಿ ಒಂದು ಕಟ್ಟಡವಲ್ಲ, ಒಂದು ಆವರಣವೂ ಅಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ೧೯೧೬ನೆಯ ಇಸವಿ ಜುಲೈ ೨೭ರಂದು ಆರಂಭವಾದ ಈ ಸಂಸ್ಥೆ ಬೆಳೆಯುತ್ತ ಬಂದದ್ದು ಊರಿನ ನಾನಾ ಭಾಗಗಳಲ್ಲಿ. ಮಹಾರಾಜ ಕಾಲೇಜು, ಯುವರಾಜ ಕಾಲೇಜುಗಳು ಊರಿನ ನಡುವೆ ಇವೆ. ಆಡಳಿತದ ಕಚೇರಿ ಇರುವುದು ಕ್ರಾಫರ್ಡ್ ಹಾಲಿನಲ್ಲಿ. ಸ್ನಾತಕೋತ್ತರ ವಿಭಾಗಗಳೆಲ್ಲ ಇರುವುದು ಕುಕ್ಕರಹಳ್ಳಿ ಕೆರೆಯ ಆಚೆಗೆ, ಮಾನಸಗಂಗೋತ್ರಿಯಲ್ಲಿ. ಕುವೆಂಪು ಅವರು ೧೯೫೬ರಿಂದ ೧೯೬೦ರವರೆಗೆ ಕುಲಪತಿಗಳಾಗಿದ್ದಾಗ ಈ ಆವರಣವನ್ನು ಕಲ್ಪಿಸಿ, ಅದಕ್ಕೆ ಆ ಹೆಸರನ್ನೂ ಇಟ್ಟರು. ನಮಗೆ ಬರುವ ಪತ್ರದ ತಲೆಯ ಮೇಲೆ ಕ್ರಾಫರ್ಡ್ ಹಾಲ್ ಎಂದು ಅಚ್ಚಾಗಿರಬಹುದು; ತರಗತಿ ನಡೆಯುವುದು ಮಾತ್ರ ಮಾನಸಗಂಗೋತ್ರಿಯಲ್ಲಿ. ಆದುದರಿಂದ ಪತ್ರದ ತಲೆಯನ್ನಲ್ಲ, ಅದರ ಒಡಲನ್ನು ಓದಬೇಕು. ಯಾವ ವಿಭಾಗ, ಯಾವ ಕಟ್ಟಡ ಎಂಬುದು ಅದರಲ್ಲಿ ಸ್ಪಷ್ಟವಾಗಿಲ್ಲದಿದ್ದರೆ ಹೊರಡುವ ಮುನ್ನವೇ ದೂರವಾಣಿಯ ಮೂಲಕ ಕೇಳಿ ಬರೆದುಕೊಳ್ಳುವುದು ಲೇಸು.

ಗೊಂದಲ ಇಷ್ಟಕ್ಕೇ ಮುಗಿಯುವುದಿಲ್ಲ. ಮಾನಸಗಂಗೋತ್ರಿಯ ನೆರೆಯಲ್ಲೇ ಮುಕ್ತಗಂಗೋತ್ರಿ ಇದೆ. ಅದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಆವರಣ. ಆ ವಿಶ್ವವಿದ್ಯಾನಿಲಯ ೧೯೯೬ರಲ್ಲಿ ಸ್ಥಾಪನೆಯಾದದ್ದು, ಬೇರೆಯದೇ ಸಂಸ್ಥೆ. ಅಲ್ಲೇ ಸಮೀಪದಲ್ಲಿ ಭಾರತೀಯ ಭಾಷಾ ಸಂಸ್ಥಾನವಿದೆ; ೧೯೬೯ರಲ್ಲಿ ಆರಂಭವಾದ ಅದು ಕೇಂದ್ರ ಸರ್ಕಾರಕ್ಕೆ ಸೇರಿದ್ದು. ವಾಕ್ ಶ್ರವಣ ಸಂಸ್ಥೆಯೂ ಅದೇ ಸುತ್ತಿನಲ್ಲಿದೆ. ಇವೆಲ್ಲದರ ವಿಳಾಸದಲ್ಲೂ 'ಗಂಗೋತ್ರಿ' ಎಂಬ ಮಾತು ಬರುವುದರಿಂದ ಆಟೋದವರಿಗೆ "ಗಂಗೋತ್ರಿ" ಎಂದಷ್ಟೇ ಹೇಳಿದರೆ ಅವರು ತಮಗೆ ತೋಚಿದ ಗಂಗೋತ್ರಿಗೆ ಕರೆದೊಯ್ಯುತ್ತಾರೆ. "ಯೂನಿವರ್ಸಿಟಿ" ಎಂದರಂತೂ ಕ್ರಾಫರ್ಡ್ ಹಾಲಿನ ಮುಂದೆ ಇಳಿಸಿದರೂ ಅದು ಅವರ ತಪ್ಪೆನ್ನಲಾಗದು. ಮಾನಸಗಂಗೋತ್ರಿಗೆ ಹುಣಸೂರು ರಸ್ತೆಯ ಕಡೆಯಿಂದಲೂ ಬೋಗಾದಿ ರಸ್ತೆಯ ಕಡೆಯಿಂದಲೂ ಪ್ರವೇಶವಿದೆ; ಒಳಗೆ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯುವುದೆಂದರೆ, ಹೆಗಲ ಮೇಲೆ ಹಾಸಿಗೆಯ ಸುರುಳಿಯಿದ್ದವರಿಗೆ, ಸಣ್ಣ ಕೆಲಸವಲ್ಲ. ಕೈಯಲ್ಲಿರುವ ಮೊಬೈಲಿನ ನಕಾಶೆಯಲ್ಲಿ ಹುಡುಕುವಾಗಲೂ ವಿಭಾಗದ ಪೂರ್ಣ ಹೆಸರನ್ನೇ ಬರೆಯತಕ್ಕದ್ದು.

ನಮ್ಮ ಹಾಸನದಿಂದ ಹೊಳೆನರಸೀಪುರ, ಕೃಷ್ಣರಾಜನಗರಗಳ ಮಾರ್ಗವಾಗಿ ಮೈಸೂರು ಸುಮಾರು ೧೨೦ ಕಿ. ಮೀ. ರೈಲೂ ಇದೆ, ಬಸ್ಸೂ ಇದೆ. ರೈಲಿನ ಪ್ರಯಾಣ ಅಗ್ಗ, ಸಾಮಾನು ಇಡುವುದೂ ಸುಲಭ. ಬಸ್ಸು ಬೇಕಾದ ಹೊತ್ತಿಗೆ ಸಿಗುತ್ತದೆ. ಬಸ್ಸಿನಲ್ಲಿ ಹೋಗುವವರಿಗೆ ಒಂದು ಅನುಕೂಲವುಂಟು. ಇಲವಾಲದ ಮೇಲೆ ಬಂದು ಹುಣಸೂರು ರಸ್ತೆಯನ್ನು ಹಿಡಿಯುವ ಬಸ್ಸು ನಿಲ್ದಾಣವನ್ನು ಸೇರುವ ಮೊದಲೇ ಮಾನಸಗಂಗೋತ್ರಿಯ ಬದಿಯಲ್ಲಿ ಹಾದುಹೋಗುತ್ತದೆ. ಇದನ್ನರಿಯದೆ ಊರಿನ ಇನ್ನೊಂದು ಕಡೆಯಲ್ಲಿರುವ ಸಬರ್ಬನ್ ನಿಲ್ದಾಣದವರೆಗೆ ಹೋಗಿ, ಅಲ್ಲಿಂದ ಅದೇ ದಾರಿಯಲ್ಲಿ ಹಿಂದಕ್ಕೆ ಬರುವವರೇ ಹೆಚ್ಚು. ಬಸ್ಸು ಹತ್ತುವಾಗಲೇ ನಿರ್ವಾಹಕರನ್ನು ವಿನಯದಿಂದ ಕೇಳಿಕೊಂಡರೆ ಸಮೀಪದ ನಿಲುಗಡೆಯಲ್ಲಿ ಇಳಿಸುತ್ತಾರೆ. ಬೆಂಗಳೂರಿನ ಕಡೆಯಿಂದ ಬರುವವರಿಗೆ ಈ ಸೌಕರ್ಯವಿಲ್ಲ; ೨೦೨೩ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿಯಿಂದ ಪ್ರಯಾಣದ ಕಾಲವೇನೋ ಕಡಿಮೆಯಾಗಿದೆ, ಆದರೆ ಇಳಿಯುವುದು ಊರಿನ ಪೂರ್ವದ ಕಡೆಗೇ. ಅಂಥವರಿಗೆ ರೈಲೇ ಉತ್ತಮ. ರೈಲ್ವೆ ನಿಲ್ದಾಣದಿಂದ ಕ್ರಾಫರ್ಡ್ ಹಾಲಿಗೆ ನಡೆದೇ ಹೋಗಬಹುದು, ಮಾನಸಗಂಗೋತ್ರಿಯೂ ಬಹಳ ದೂರವಲ್ಲ.

ಸಬರ್ಬನ್ ನಿಲ್ದಾಣವೇ ಬೇರೆ, ನಗರ ಬಸ್ ನಿಲ್ದಾಣವೇ ಬೇರೆ ಎಂಬುದನ್ನೂ ನೆನಪಿಡಬೇಕು. ಊರೂರುಗಳಿಂದ ಬರುವ ಬಸ್ಸು ಮೊದಲನೆಯದಕ್ಕೆ ಬರುತ್ತದೆ. ಊರೊಳಗೆ ಓಡಾಡುವ ಬಸ್ಸು ಹೊರಡುವುದು ಕೃಷ್ಣರಾಜ ವೃತ್ತದ ಬಳಿ, ಅರಮನೆಗೆ ಸಮೀಪವಾಗಿರುವ ಎರಡನೆಯದರಿಂದ. ನಡುವೆ ಹದಿನೈದು ನಿಮಿಷದ ನಡಿಗೆ. ಮಹಿಳೆಯರಿಗೆ ೨೦೨೩ರ ಜೂನ್ ೧೧ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯ ಮೇರೆಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಐಷಾರಾಮಿ ಬಸ್ಸುಗಳಿಗೂ ಹವಾನಿಯಂತ್ರಿತ ಬಸ್ಸುಗಳಿಗೂ ಇದು ಅನ್ವಯಿಸುವುದಿಲ್ಲ. ಕರ್ನಾಟಕದ ನಿವಾಸಿಯೆಂದು ತೋರಿಸುವ ಗುರುತಿನ ಚೀಟಿ ಕೈಯಲ್ಲಿರಬೇಕು. ನಮ್ಮ ಕಾಲೇಜಿನ ಹುಡುಗಿಯರು ಈಚೆಗೆ ಮೈಸೂರಿನ ಕಾರ್ಯಾಗಾರಗಳಿಗೆ ಹೆಚ್ಚಾಗಿ ಹೊರಡುತ್ತಿರುವುದಕ್ಕೆ ಇದೂ ಒಂದು ಕಾರಣವೆಂದು ನನ್ನ ಊಹೆ.

ಇನ್ನು ವಾಸದ ವಿಚಾರ. ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ಇದೇ. ಮೈಸೂರಿನಲ್ಲಿ ನೆಂಟರಿಲ್ಲದ ಮನೆತನ ನಮ್ಮ ಜಿಲ್ಲೆಯಲ್ಲಿ ಅಪರೂಪ. "ಚಿಕ್ಕಮ್ಮನ ಮನೆಯಿದೆಯಲ್ಲ, ಹಾಸ್ಟೆಲು ಏಕೆ?" ಎಂದು ಹಿರಿಯರು ಹೇಳುತ್ತಾರೆ. ಹುಡುಗಿಯರ ವಿಷಯದಲ್ಲಂತೂ ಆ ಮಾತಿಗೆ ಮೇಲ್ಮನವಿಯೇ ಇಲ್ಲ. ಹಿರಿಯರ ಕಾಳಜಿ ಸಹಜವಾದುದೇ, ಚಿಕ್ಕಮ್ಮನ ಆದರವೂ ದೊಡ್ಡದೇ. ಆದರೆ ಚಿಕ್ಕಮ್ಮನ ಮನೆ ಬನ್ನಿಮಂಟಪದಲ್ಲೋ ನಜರಬಾದಿನಲ್ಲೋ ಇದ್ದರೆ ಏನಾಗುತ್ತದೆ ಎಂಬುದನ್ನು ನೋಡಿ. ಬೆಳಗ್ಗೆ ಎಂಟಕ್ಕೇ ಹೊರಟು ಎರಡು ಬಸ್ಸು ಬದಲಾಯಿಸಬೇಕು. ಸಂಜೆ ಕೊನೆಯ ಉಪನ್ಯಾಸ ಮುಗಿಯುವ ಹೊತ್ತಿಗೆ ಮನಸ್ಸು ಆಗಲೇ ಬಸ್ ನಿಲ್ದಾಣದಲ್ಲಿರುತ್ತದೆ. ನನ್ನ ಜತೆಯಲ್ಲಿ ಶಿಬಿರಕ್ಕೆ ಬಂದಿದ್ದ ಒಬ್ಬ ವಿದ್ಯಾರ್ಥಿನಿ ಬಹಳ ಬುದ್ಧಿವಂತೆ. ಹಳಗನ್ನಡವನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ಓದಬಲ್ಲವಳು. ದಿನವೂ ನಾಲ್ಕೂವರೆಗೆ ಎದ್ದು ಹೊರಡಬೇಕಾಗುತ್ತಿತ್ತು. ಐದು ಗಂಟೆಯ ಮೇಲೆ ಹಿರಿಯ ವಿದ್ವಾಂಸರೊಬ್ಬರು ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕುಳಿತು ಏಳೆಂಟು ಮಂದಿಗೆ ತಾಳೆಗರಿಯ ಅಕ್ಷರಗಳ ತಿರುವುಗಳನ್ನು ಬಿಡಿಸಿ ಹೇಳುತ್ತಿದ್ದರು. ವೇಳಾಪಟ್ಟಿಯಲ್ಲಿಲ್ಲದ ಆ ಪಾಠವೇ ನನಗೆ ಇಂದಿಗೂ ಉಪಯೋಗಕ್ಕೆ ಬರುತ್ತಿರುವುದು. ಆ ಗುಂಪಿನಲ್ಲಿ ಮೊದಲು ಕುಳಿತಿರಬೇಕಾದವಳು ಆಕೆ. ಹತ್ತು ದಿನವೂ ಆಕೆಗೆ ಅದು ಸಿಗಲಿಲ್ಲ.

ಆದುದರಿಂದ ಶಿಬಿರದವರು ವಸತಿ ಕೊಡುವುದಾದರೆ, ಹಾಸಿಗೆ ಗಟ್ಟಿಯಾಗಿದ್ದರೂ ಸಾರು ನೀರಾಗಿದ್ದರೂ, ಅದನ್ನೇ ಒಪ್ಪಿಕೊಳ್ಳಬೇಕೆಂಬುದು ನನ್ನ ಖಚಿತ ಸಲಹೆ. ನೆಂಟರ ಮನೆಗೆ ಭಾನುವಾರ ಊಟಕ್ಕೆ ಹೋದರೆ ಸ್ನೇಹಕ್ಕೇನೂ ಕೊರತೆಯಾಗದು. ಹಿರಿಯರಿಗೆ ಧೈರ್ಯ ಬರಬೇಕಾದರೆ ವಸತಿನಿಲಯದ ಮೇಲ್ವಿಚಾರಕರ ಹೆಸರು, ದೂರವಾಣಿ ಸಂಖ್ಯೆಗಳನ್ನು ಮೊದಲೇ ತರಿಸಿ ಅವರ ಕೈಗೆ ಕೊಡಬೇಕು. ಕಾಲೇಜಿನ ಅಧ್ಯಾಪಿಕೆಯೊಬ್ಬರು ಮನೆಗೆ ಬಂದು ಒಂದು ಮಾತು ಹೇಳಿದರೆ ಇನ್ನೂ ಒಳ್ಳೆಯದು. ಇದು ನಮ್ಮ ಅಧ್ಯಾಪಕ ವರ್ಗದವರಲ್ಲಿ ನನ್ನ ಬಿನ್ನಹವೆಂದು ತಿಳಿಯಬಹುದು. ವಸತಿ ಇಲ್ಲವಾದರೆ ಪಡುವಾರಹಳ್ಳಿ, ಸರಸ್ವತೀಪುರಂ, ಜಯಲಕ್ಷ್ಮೀಪುರಂ ಈ ಬಡಾವಣೆಗಳಲ್ಲಿ ಕೋಣೆ ಹುಡುಕಬೇಕು. ಅಲ್ಲಿ ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಡುವ ಮನೆಗಳೂ ಅಗ್ಗದ ಊಟದ ಮನೆಗಳೂ ಇವೆ. ರೈಲ್ವೆ ನಿಲ್ದಾಣದ ಮುಂದಿನ ವಸತಿಗೃಹ ಒಂದು ರಾತ್ರಿಗೆ ಸರಿ, ಹತ್ತು ರಾತ್ರಿಗೆ ಕಿಸೆ ತಡೆಯದು.

ಶಿಬಿರ ಸೋಮವಾರ ಆರಂಭವಾಗುವುದಾದರೆ ಭಾನುವಾರ ಸಂಜೆಯೇ ಹೋಗಿ ಸೇರುವುದು ರೂಢಿ. ಭಾನುವಾರ ಕಚೇರಿ ಮುಚ್ಚಿರುತ್ತದೆ. ಕೋಣೆಯ ಬೀಗದ ಕೈ ಯಾರ ಬಳಿಯಲ್ಲಿರುತ್ತದೆಂದು ಶುಕ್ರವಾರದೊಳಗೇ ಕೇಳಿಟ್ಟುಕೊಳ್ಳಿ. ದಸರಾ ಹಬ್ಬದ ಕಾಲದಲ್ಲಿ ಹೋಗುವ ಪ್ರಸಂಗ ಬಂದರೆ ಬಾಡಿಗೆ ಏರಿರುತ್ತದೆ, ಕೋಣೆ ಸಿಗುವುದೂ ಕಷ್ಟ; ವಿಜಯದಶಮಿಯ ದಿನ ಮೆರವಣಿಗೆಯ ದಾರಿಗಳಲ್ಲಿ ವಾಹನ ಓಡುವುದಿಲ್ಲ. ಡಿಸೆಂಬರ್, ಜನವರಿಗಳಲ್ಲಿ ಒಂದು ಹೊದಿಕೆ ಹೆಚ್ಚಾಗಿ ಬೇಕು. ಏಪ್ರಿಲ್, ಮೇ ತಿಂಗಳುಗಳಲ್ಲಿ ಮಧ್ಯಾಹ್ನದ ಬಿಸಿಲಿಗೂ ಸಂಜೆಯ ಗುಡುಗುಮಳೆಗೂ ಒಂದೇ ಛತ್ರಿ ಸಾಕು.

ಸಮೀಪದಲ್ಲೇ ವಾಸವಾದವರಿಗೆ ಬೆಳಗೂ ಸಂಜೆಯೂ ಉಳಿಯುತ್ತವೆ. ಅವನ್ನು ಎಲ್ಲಿ ಕಳೆಯಬೇಕು? ಮೊದಲನೆಯದು ಕುಕ್ಕರಹಳ್ಳಿ ಕೆರೆಯ ಏರಿ. ಮುಮ್ಮಡಿ ಕೃಷ್ಣರಾಜ ಒಡೆಯರು ೧೮೬೪ರಲ್ಲಿ ಕಟ್ಟಿಸಿದ ಈ ಕೆರೆಯ ಸುತ್ತ ನಡೆಯಲು ದಾರಿಯಿದೆ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ನೀರುಕಾಗೆಗಳು ಮರದ ಮೇಲೆ ಗುಂಪುಗುಂಪಾಗಿ ಕುಳಿತಿರುತ್ತವೆ. ಕುವೆಂಪು ಅವರು ವರ್ಷಗಟ್ಟಲೆ ನಡೆದಾಡಿದ ಜಾಗವಿದು. ಬಾಗಿಲು ಬೆಳಗ್ಗೆಯೂ ಸಂಜೆಯೂ ಗೊತ್ತಾದ ವೇಳೆಯಲ್ಲಿ ಮಾತ್ರ ತೆರೆದಿರುವುದರಿಂದ ಫಲಕವನ್ನು ನೋಡಿಕೊಳ್ಳಬೇಕು.

ಎರಡನೆಯದು ಪ್ರಾಚ್ಯವಿದ್ಯಾ ಸಂಶೋಧನಾಲಯ. ಇದು ಮಾನಸಗಂಗೋತ್ರಿಯಲ್ಲಿಲ್ಲ, ಊರ ಕಡೆಗೆ, ಕ್ರಾಫರ್ಡ್ ಹಾಲಿನ ಸಮೀಪದಲ್ಲಿದೆ. ೧೮೯೧ರಲ್ಲಿ ಪ್ರಾಚ್ಯ ಪುಸ್ತಕ ಭಂಡಾರವಾಗಿ ಆರಂಭವಾದ ಈ ಮನೆಗೆ ತಂಜಾವೂರಿನ ಕಡೆಯ ಪಂಡಿತರೊಬ್ಬರು ಗ್ರಂಥಲಿಪಿಯ ಒಂದು ತಾಳೆಗರಿಯ ಕಟ್ಟನ್ನು ತಂದುಕೊಟ್ಟರು. ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ೧೯೦೫ರಲ್ಲಿ ಗುರುತಿಸಿದವರು ಅಲ್ಲಿಯೇ ಕೆಲಸದಲ್ಲಿದ್ದ ಆರ್. ಶಾಮಾಶಾಸ್ತ್ರಿಗಳು, ೧೯೦೯ರಲ್ಲಿ ಅದನ್ನು ಅಚ್ಚು ಮಾಡಿಸಿದರು, ೧೯೧೫ರಲ್ಲಿ ಇಂಗ್ಲಿಷ್ ಅನುವಾದ ಹೊರಬಂದಿತು. ಇತಿಹಾಸದ ತರಗತಿಯಲ್ಲಿ ನಾವು ಅರ್ಥಶಾಸ್ತ್ರದ ಮೇಲೆ ಎಷ್ಟು ಪ್ರಶ್ನೆಗಳಿಗೆ ಉತ್ತರ ಬರೆದಿದ್ದೇವೆ! ಆ ಗ್ರಂಥ ಬೆಳಕಿಗೆ ಬಂದ ಮನೆಯ ಮುಂದೆಯೇ ಬಸ್ಸಿಗಾಗಿ ಕಾಯುತ್ತ ನಿಂತು ಹಿಂದಿರುಗಿದವರೂ ಇದ್ದಾರೆ. ಗರಿಗಳು ಹುಳು ಹಿಡಿಯದಂತೆಯೂ ಬಿರುಕು ಬಿಡದಂತೆಯೂ ಮಜ್ಜಿಗೆಹುಲ್ಲಿನ ಎಣ್ಣೆಯನ್ನು ಸವರಿ ಇಡುತ್ತಾರೆ. ಆ ಕೋಣೆಯ ವಾಸನೆಯನ್ನು ಒಮ್ಮೆ ಆಘ್ರಾಣಿಸಿದವರು ಮರೆಯಲಾರರು. ಒಳಗೆ ನೋಡಲು ಅನುಮತಿ ಬೇಕಾಗುತ್ತದೆ. ಪ್ರಾಂಶುಪಾಲರಿಂದ ಒಂದು ಪತ್ರವನ್ನು ಹೊರಡುವಾಗಲೇ ಪಡೆದಿಟ್ಟುಕೊಂಡರೆ ಕೆಲಸ ಸುಗಮ. ಈ ಪತ್ರದ ಎರಡು ಪ್ರತಿಗಳಿರಲಿ. ಇನ್ನೊಂದು ಮಾನಸಗಂಗೋತ್ರಿಯ ಗ್ರಂಥಾಲಯಕ್ಕೆ ಬೇಕಾಗಬಹುದು.

ಆವರಣದೊಳಗಿನ ಜಯಲಕ್ಷ್ಮೀ ವಿಲಾಸ ೧೯೦೫ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರಿಗಾಗಿ ಕಟ್ಟಿಸಿದ ಬಂಗಲೆ. ಅಲ್ಲಿ ಜಾನಪದ ವಸ್ತುಸಂಗ್ರಹಾಲಯವನ್ನು ಏರ್ಪಡಿಸಿದ್ದು ೧೯೬೮ರಲ್ಲಿ. ಕಟ್ಟಡದ ದುರಸ್ತಿಯ ಕಾರಣದಿಂದ ಆಗಾಗ ಒಳಗೆ ಬಿಡುವುದಿಲ್ಲವಾದ್ದರಿಂದ ವಿಚಾರಿಸಿಯೇ ಹೋಗಬೇಕು. ಅರಮನೆ, ಮೃಗಾಲಯ, ಬೆಟ್ಟ ಇವುಗಳ ವಿಷಯ ಎಲ್ಲರಿಗೂ ತಿಳಿದದ್ದೇ. ಮೃಗಾಲಯಕ್ಕೆ ಮಂಗಳವಾರ ರಜೆ. ಭಾನುವಾರವೂ ಸರ್ಕಾರಿ ರಜಾದಿನಗಳಲ್ಲೂ ಸಂಜೆ ಏಳರ ಮೇಲೆ ಸ್ವಲ್ಪ ಹೊತ್ತು ಅರಮನೆಗೆ ದೀಪ ಹಾಕುತ್ತಾರೆ. ಚಾಮುಂಡಿ ಬೆಟ್ಟಕ್ಕೆ ನಗರ ಬಸ್ ನಿಲ್ದಾಣದಿಂದ ೨೦೧ನೆಯ ನಂಬರಿನ ಬಸ್ಸು ಹೋಗುತ್ತದೆ; ಕಾಲಲ್ಲಿ ಬಲವಿದ್ದವರು ಸುಮಾರು ಸಾವಿರ ಮೆಟ್ಟಿಲುಗಳನ್ನು ಹತ್ತಿ, ನಡುದಾರಿಯ ನಂದಿಯ ಬಳಿ ದಣಿವಾರಿಸಿಕೊಳ್ಳಬಹುದು.

ಅಧ್ಯಾಪಕರಿಗೆ ಒಂದು ಮಾತು. ಪ್ರಯಾಣ ಭತ್ಯದ ಬಿಲ್ಲಿಗೆ ಟಿಕೆಟುಗಳು, ಕರ್ತವ್ಯದಿಂದ ಬಿಡುಗಡೆಯ ಆದೇಶ, ಹಾಜರಾತಿಯ ಪ್ರಮಾಣಪತ್ರ ಇವು ಬೇಕಾಗುವುವು. ಪ್ರಮಾಣಪತ್ರವನ್ನು ಸಮಾರೋಪ ಸಮಾರಂಭದಲ್ಲಿ ವೇದಿಕೆಯ ಮೇಲೆ ಕೊಡುವ ಅಲಂಕಾರದ ಕಾಗದವೆಂದು ಭಾವಿಸಿ ಸುಮ್ಮನಾಗಬಾರದು. ಬಂದ ದಿನ, ಹೊರಟ ದಿನಗಳನ್ನು ನಮೂದಿಸಿ ಮೊಹರು ಹಾಕಿದ ಬೇರೊಂದು ಚೀಟಿಯನ್ನು ಕಚೇರಿಯಿಂದ ಕೇಳಿ ಪಡೆಯಬೇಕು. ಸಮಾರೋಪ ಸಾಧಾರಣವಾಗಿ ಮಧ್ಯಾಹ್ನ ತಡವಾಗಿ ಮುಗಿಯುತ್ತದೆ, ಕಚೇರಿ ಅಷ್ಟು ಹೊತ್ತು ತೆರೆದಿರುವುದಿಲ್ಲ. ಹಿಂದಿನ ದಿನವೇ ಈ ಕೆಲಸ ಮುಗಿಸಿಟ್ಟರೆ ಸಂಜೆಯ ಹಾಸನದ ಬಸ್ಸು ಸಿಗುತ್ತದೆ.