ಹೆಸರು ಬದಲಾದರೆ ವಸ್ತು ಬದಲಾಗುವುದೆ?

ಮುಂಬಯಿ, ಪುಣೆಗಳಿಂದ ಸೊಲ್ಲಾಪುರ, ಕಲಬುರಗಿಗಳ ಕಡೆಗೆ ಪ್ರಯಾಣ ಬೆಳೆಸುವ ಕನ್ನಡಿಗರಿಗೆ ದೌಂಡ ಜಂಕ್ಷನ್ನಿನ ಪರಿಚಯ ಹೇಳಬೇಕಾದುದಿಲ್ಲ. ಭೀಮಾನದಿಯ ದಡದ ಈ ಊರು ಪುಣೆ ಜಿಲ್ಲೆಯಲ್ಲಿದ್ದರೂ ಅದರ ರೈಲು ನಿಲ್ದಾಣವು ಬಹುಕಾಲ ಸೊಲ್ಲಾಪುರ ವಿಭಾಗಕ್ಕೆ ಸೇರಿದ್ದಿತು. 2024ರ ಏಪ್ರಿಲ್ ತಿಂಗಳಿನಿಂದ ಅದನ್ನು ಪುಣೆ ವಿಭಾಗಕ್ಕೆ ಸೇರಿಸಲಾಯಿತು. ನಿಲ್ದಾಣವು ಒಂದಡಿಯೂ ಕದಲಲಿಲ್ಲ. ಹಳಿಗಳು ಇದ್ದಲ್ಲಿಯೇ ಇವೆ. ಬದಲಾದುದು ಕಡತದಲ್ಲಿ ಅದರ ಸ್ಥಾನ, ಯಾವ ಕಚೇರಿಗೆ ಅರ್ಜಿ ಬರೆಯಬೇಕೆಂಬ ವಿಳಾಸ ಮಾತ್ರ.

ವಿಜ್ಞಾನಿಗಳೂ ಆಗಾಗ ಇಂತಹ ಮರುವಿಂಗಡಣೆಯನ್ನು ಮಾಡುತ್ತಾರೆ. ಆದರೆ ಅಲ್ಲಿ ಜನರು ಇಷ್ಟು ಸಮಾಧಾನದಿಂದ ಇರುವುದಿಲ್ಲ. ಶಾಲೆಯಲ್ಲಿ ಬಾಯಿಪಾಠ ಮಾಡಿದ ಹೆಸರೊಂದನ್ನು ಯಾರೋ ಅಳಿಸಿದರೆಂದು ಕೋಪಗೊಳ್ಳುತ್ತಾರೆ. ಈ ಕೋಪದ ಸ್ವರೂಪವೇನು, ಅದರಿಂದ ನಮ್ಮ ಆರೋಗ್ಯಕ್ಕೆ ಒದಗಬಹುದಾದ ಹಾನಿಯೇನು ಎಂಬುದನ್ನು ವಿಚಾರಿಸುವುದು ಅಗತ್ಯ.

ಪ್ಲೂಟೋವಿನ ಪದಚ್ಯುತಿ

1930ರ ಫೆಬ್ರವರಿ 18ರಂದು ಅಮೆರಿಕದ ಲೋವೆಲ್ ವೀಕ್ಷಣಾಲಯದಲ್ಲಿ ಕ್ಲೈಡ್ ಟಾಂಬೊ ಎಂಬ ತರುಣನು ಪ್ಲೂಟೋವನ್ನು ಕಂಡುಹಿಡಿದನು. ಅದಕ್ಕೆ ಹೆಸರು ಸೂಚಿಸಿದವಳು ಇಂಗ್ಲೆಂಡಿನ 11 ವರ್ಷದ ಬಾಲಕಿ ವೆನೇಶಿಯಾ ಬರ್ನಿ. ಅಂದಿನಿಂದ ಅದು ಒಂಬತ್ತನೆಯ ಗ್ರಹವೆನಿಸಿತು. 1978ರಲ್ಲಿ ಅದರ ಉಪಗ್ರಹವಾದ ಶೆರಾನ್ ಪತ್ತೆಯಾದ ಮೇಲೆ ಪ್ಲೂಟೋವಿನ ತೂಕ ಭೂಮಿಯ ಸುಮಾರು ಐನೂರರಲ್ಲಿ ಒಂದು ಪಾಲು ಮಾತ್ರ ಎಂಬುದು ಸ್ಪಷ್ಟವಾಯಿತು. 2005ರಲ್ಲಿ ಅದಕ್ಕಿಂತಲೂ ಭಾರವಾದ ಎರಿಸ್ ಎಂಬ ಕಾಯದ ಸುದ್ದಿ ಪ್ರಕಟವಾಯಿತು. ಹಾಗಾದರೆ ಗ್ರಹಗಳು ಹತ್ತೆ, ಇಪ್ಪತ್ತೆ? ಕೊನೆಗೆ 2006ರ ಆಗಸ್ಟ್ 24ರಂದು ಪ್ರಾಗ್ ನಗರದಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು ಮೂರು ನಿಯಮಗಳನ್ನು ಗೊತ್ತುಪಡಿಸಿತು. ಗ್ರಹವು ಸೂರ್ಯನನ್ನು ಸುತ್ತಬೇಕು. ತನ್ನದೇ ಗುರುತ್ವದಿಂದ ದುಂಡಾಗಿರಬೇಕು. ತನ್ನ ಕಕ್ಷೆಯ ಆಸುಪಾಸನ್ನು ಇತರ ಕಾಯಗಳಿಂದ ತೆರವು ಮಾಡಿಕೊಂಡಿರಬೇಕು. ಮೂರನೆಯ ನಿಯಮದಲ್ಲಿ ಸೋತ ಪ್ಲೂಟೋ ‘ಕುಬ್ಜ ಗ್ರಹ’ಗಳ ಪಟ್ಟಿಗೆ ಇಳಿಯಿತು.

ಪ್ರತಿಕ್ರಿಯೆ ವಿಚಿತ್ರವಾಗಿದ್ದಿತು. 2007ರಲ್ಲಿ ನ್ಯೂ ಮೆಕ್ಸಿಕೋ, 2009ರಲ್ಲಿ ಇಲಿನಾಯ್ ರಾಜ್ಯಗಳ ಶಾಸನಸಭೆಗಳಲ್ಲಿ ಪ್ಲೂಟೋವಿನ ಪರವಾಗಿ ಠರಾವುಗಳು ಮಂಡಿತವಾದವು. ಟಾಂಬೊ ಹುಟ್ಟಿದ್ದು ಇಲಿನಾಯ್‌ನಲ್ಲಿ, ನೆಲೆಸಿದ್ದು ನ್ಯೂ ಮೆಕ್ಸಿಕೋದಲ್ಲಿ. 2024ರಲ್ಲಿ ಅರಿಜೋನಾ ರಾಜ್ಯವು, ಲೋವೆಲ್ ವೀಕ್ಷಣಾಲಯವು ತನ್ನ ನೆಲದಲ್ಲಿರುವುದರಿಂದ, ಪ್ಲೂಟೋವನ್ನು ತನ್ನ ‘ಅಧಿಕೃತ ಗ್ರಹ’ವೆಂದೇ ಘೋಷಿಸಿಕೊಂಡಿತು. ಅಭಿಮಾನದ ಬೇರು ಆಕಾಶದಲ್ಲಿರಲಿಲ್ಲ, ಊರಿನಲ್ಲಿದ್ದಿತು.

ನಮ್ಮಲ್ಲಿ ಇನ್ನೊಂದು ತೆರನಾದ ಗೊಂದಲ. ಗ್ರಹ ಎಂಟಾದರೆ ನವಗ್ರಹ ಪೂಜೆಯ ಗತಿಯೇನು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಆದರೆ ಗುಡಿಯ ನವಗ್ರಹಗಳಲ್ಲಿ ಸೂರ್ಯ, ಚಂದ್ರ, ರಾಹು, ಕೇತುಗಳಿದ್ದಾರೆ. ಭೂಮಿಯಿಲ್ಲ, ಪ್ಲೂಟೋ ಎಂದೂ ಇರಲಿಲ್ಲ. ಪಠ್ಯಪುಸ್ತಕದ ಒಂಬತ್ತು ಬೇರೆ, ಪಂಚಾಂಗದ ಒಂಬತ್ತು ಬೇರೆ. ಸಂಖ್ಯೆ ಒಂದೇ ಆದುದು ಕಾಕತಾಳೀಯ. ಇದು ಮೊದಲ ಇಳಿಕೆಯೂ ಅಲ್ಲ. 1801ರ ಜನವರಿ 1ರಂದು ಕಂಡುಬಂದ ಸೀರೀಸ್ ಸುಮಾರು ಅರ್ಧ ಶತಮಾನ ಗ್ರಹವೆನಿಸಿ, ಬಳಿಕ ಕ್ಷುದ್ರಗ್ರಹಗಳ ಸಾಲಿಗೆ ಸೇರಿದ್ದಿತು. ಅದಕ್ಕಾಗಿ ಇಂದು ಅಳುವವರಿಲ್ಲ.

ಎರಡು ಪ್ರಾಣಿಗಳ ಕಥೆ

ಡೈನೋಸಾರ್‌ಗಳ ಲೋಕದಲ್ಲಿಯೂ ಇದೇ ನಡೆಯಿತು. ಅಮೆರಿಕದ ಮಾರ್ಷ್ ಎಂಬ ವಿದ್ವಾಂಸನು 1877ರಲ್ಲಿ ಒಂದು ಪ್ರಾಣಿಗೆ ಅಪಾಟೋಸಾರಸ್ ಎಂದೂ, 1879ರಲ್ಲಿ ಇನ್ನೊಂದಕ್ಕೆ ಬ್ರಾಂಟೋಸಾರಸ್ ಎಂದೂ ಹೆಸರಿಟ್ಟನು. 1903ರಲ್ಲಿ ರಿಗ್ಸ್ ಎಂಬಾತನು ಇವೆರಡೂ ಒಂದೇ ಕುಲವೆಂದು ನಿರ್ಣಯಿಸಿದನು. ಮೊದಲಿಟ್ಟ ಹೆಸರಿಗೇ ಮಾನ್ಯತೆ ಎಂಬ ನಿಯಮದಂತೆ ಬ್ರಾಂಟೋಸಾರಸ್ ಬಿದ್ದುಹೋಯಿತು. ಜನರು ಮಾತ್ರ ಬಿಡಲಿಲ್ಲ. 1989ರ ಅಮೆರಿಕದ ಅಂಚೆಚೀಟಿಯಲ್ಲಿಯೂ ಅದೇ ಹೆಸರು ಅಚ್ಚಾಗಿ ವಿವಾದವಾಯಿತು. 2015ರಲ್ಲಿ ಮೂವರು ವಿಜ್ಞಾನಿಗಳು ಮೂಳೆಗಳ 477 ಲಕ್ಷಣಗಳನ್ನು ಹೋಲಿಸಿ, ಇವೆರಡೂ ಬೇರೆ ಕುಲಗಳೇ ಎಂದು ಪ್ರತಿಪಾದಿಸಿದರು. ಹೆಸರಿಗೆ ಮರುಜೀವ ಬಂದಿತು. ಮೂಳೆಗಳು ಮಾತ್ರ ಹಿಂದಿನವೇ.

ಇದಕ್ಕೆ ಪ್ರತಿಯಾಗಿ ನಮ್ಮ ದೇಶದ ಉದಾಹರಣೆಯನ್ನು ನೋಡಬಹುದು. ದೌಂಡದ ನೆಲದ ಕಪ್ಪು ಬಂಡೆಯು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ, ಡೈನೋಸಾರ್ ಯುಗದ ಅಂತ್ಯಕಾಲದಲ್ಲಿ, ಹರಿದ ಲಾವಾರಸದಿಂದ ಆದುದು. ಇದೇ ಬಂಡೆಯ ಹಾಸು ಮಧ್ಯಪ್ರದೇಶದವರೆಗೆ ಹಬ್ಬಿದೆ. ಅಲ್ಲಿನ ಜಬಲಪುರದಲ್ಲಿ ಅದರ ಅಡಿಯ ಪದರಗಳಲ್ಲಿ 1828ರಲ್ಲಿ ಸ್ಲೀಮನ್ ಎಂಬ ಅಧಿಕಾರಿಗೆ ಪಳೆಯುಳಿಕೆಗಳು ದೊರೆತವು. 1877ರಲ್ಲಿ ಲಿಡೆಕರ್ ಅವುಗಳಿಗೆ ‘ಟೈಟಾನೋಸಾರಸ್ ಇಂಡಿಕಸ್’ ಎಂದು ಹೆಸರಿಟ್ಟನು. ಬಾಲದ ಮೂಳೆಯ ಯಾವ ಲಕ್ಷಣಗಳಿಂದ ಅದನ್ನು ಗುರುತಿಸಿದ್ದನೋ ಅವು ಇತರ ಅನೇಕ ಪ್ರಾಣಿಗಳಲ್ಲಿಯೂ ಇವೆಯೆಂದು ಮುಂದೆ ತಿಳಿದುದರಿಂದ, 2003ರಲ್ಲಿ ವಿಲ್ಸನ್ ಮತ್ತು ಅಪ್‌ಚರ್ಚ್ ಆ ಹೆಸರು ಸಿಂಧುವಲ್ಲವೆಂದು ವಾದಿಸಿದರು. ಪ್ಲೂಟೋವಿಗಾಗಿ ಎದ್ದಂತಹ ಕೂಗು ‘ಇಂಡಿಕಸ್’ ಎಂಬ ಹೆಸರಿಗಾಗಿ ಏಳಲಿಲ್ಲ. ನಮ್ಮ ಮಕ್ಕಳು ಅದನ್ನು ಬಾಯಿಪಾಠ ಮಾಡಿರಲಿಲ್ಲ. ನಾವು ಶೋಕಿಸುವುದು ವಸ್ತುವಿಗಾಗಿ ಅಲ್ಲ, ಪರಿಚಯಕ್ಕಾಗಿ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ರಕ್ತಪರೀಕ್ಷೆಯ ಚೀಟಿ

ಪ್ಲೂಟೋವಿನ ವಿಷಯದಲ್ಲಿ ಈ ಮುನಿಸು ನಿರಪಾಯಕರ. ವೈದ್ಯರ ಚೀಟಿಯ ವಿಷಯದಲ್ಲಿ ಹಾಗಲ್ಲ. 1997ರವರೆಗೆ ಉಪವಾಸದ ರಕ್ತದಲ್ಲಿ ಸಕ್ಕರೆಯು 140 ಮಿಲಿಗ್ರಾಂ ಅಥವಾ ಅದಕ್ಕೆ ಮೀರಿದ್ದರೆ ಮಧುಮೇಹವೆಂದು ಎಣಿಸುತ್ತಿದ್ದರು. ಆ ವರ್ಷ ಅಮೆರಿಕದ ತಜ್ಞರ ಸಮಿತಿಯು ಈ ಗೆರೆಯನ್ನು 126ಕ್ಕೆ ಇಳಿಸಿತು. ಬಳಿಕ ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪಿತು. 130 ಇದ್ದವರು ನಿನ್ನೆ ನಿರೋಗಿಗಳು, ಇಂದು ರೋಗಿಗಳು! ಅವರ ರಕ್ತ ಬದಲಾಗಲಿಲ್ಲ. ಕಣ್ಣಿನ ಅಕ್ಷಿಪಟಲಕ್ಕೆ ಹಾನಿಯು ಯಾವ ಮಟ್ಟದಿಂದ ಕಾಣಿಸಿಕೊಳ್ಳುತ್ತದೆ ಎಂಬ ತಿಳಿವು ಬೆಳೆದುದರಿಂದ ಗೆರೆ ಸರಿಯಿತು. ಹಾಗೆಯೇ ಕಡಿಮೆ ತೂಕದಲ್ಲಿಯೇ ಭಾರತೀಯರಿಗೆ ಹೊಟ್ಟೆಯ ಬೊಜ್ಜು, ಮಧುಮೇಹಗಳು ಅಂಟುವುದನ್ನು ಗಮನಿಸಿ, 2009ರಲ್ಲಿ ನಮ್ಮ ತಜ್ಞರು ಅಧಿಕ ತೂಕದ ಸೂಚ್ಯಂಕವನ್ನು 25ರ ಬದಲು 23 ಎಂದು ಗೊತ್ತುಪಡಿಸಿದರು. 165 ಸೆಂಟಿಮೀಟರ್ ಎತ್ತರದವರಿಗೆ ಈ ಮಿತಿಯು 68 ಕಿಲೋದಿಂದ ಸುಮಾರು 63 ಕಿಲೋಗೆ ಇಳಿಯಿತು.

“ಡಾಕ್ಟರುಗಳು ದಿನಕ್ಕೊಂದು ಹೇಳುತ್ತಾರೆ” ಎಂದು ಮಾತ್ರೆಯನ್ನು ಬದಿಗಿಡುವವರು ಇಲ್ಲಿಯೇ ಎಡವುತ್ತಾರೆ. ಬ್ಯಾಂಕಿನ ವ್ಯವಹಾರ ಬಲ್ಲವರಿಗೆ ಇದು ಹೊಸದಲ್ಲ. 2004ರ ಮಾರ್ಚ್‌ನಿಂದ ರಿಸರ್ವ್ ಬ್ಯಾಂಕು ಸಾಲದ ಬಾಕಿಯ ಗಡುವನ್ನು 180 ದಿನಗಳ ಬದಲು 90 ದಿನಗಳಿಗೆ ಇಳಿಸಿದಾಗ, ಅನೇಕ ಸಾಲಗಳು ಅನುತ್ಪಾದಕ ಆಸ್ತಿಗಳ ಪಟ್ಟಿಗೆ ಬಂದವು. ಸಾಲಗಾರನು ಬದಲಾಗಲಿಲ್ಲ, ಅಪಾಯ ಮುಂಚಿತವಾಗಿ ಕಣ್ಣಿಗೆ ಬಿದ್ದಿತು, ಅಷ್ಟೆ.

ಆದುದರಿಂದ ಪರೀಕ್ಷೆಯ ಚೀಟಿಯಲ್ಲಿ ‘ಸಾಮಾನ್ಯ’, ‘ಅಧಿಕ’ ಎಂಬ ಪದಗಳನ್ನಷ್ಟೇ ಓದದೆ ಅಂಕಿಯನ್ನೂ ದಿನಾಂಕವನ್ನೂ ಬರೆದಿಡುವುದು ಮೇಲು. ಹಳೆಯ ಅಂಕಿಗಳೊಡನೆ ಹೋಲಿಸಬೇಕು. ಒಂದೇ ಪರೀಕ್ಷೆಯನ್ನು ನೆಚ್ಚದೆ ಇನ್ನೊಮ್ಮೆ ದೃಢಪಡಿಸಿಕೊಳ್ಳಬೇಕು. ಯಾವ ಮಿತಿಯನ್ನು ಅನುಸರಿಸಲಾಗಿದೆ, ಏಕೆ ಎಂದು ವೈದ್ಯರನ್ನು ಕೇಳಲು ಸಂಕೋಚ ಪಡಬಾರದು. ಔಷಧವನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸುವುದಂತೂ ಸಲ್ಲದು.

ವಿಜ್ಞಾನವು ತನ್ನ ಲೆಕ್ಕದ ಪುಸ್ತಕವನ್ನು ತಾನೇ ತಿದ್ದಿಕೊಳ್ಳುವುದು ಅದರ ದೌರ್ಬಲ್ಯವಲ್ಲ, ಪ್ರಾಮಾಣಿಕತೆ. ಗ್ರಹದ ಹೆಸರು ಏನೇ ಇರಲಿ, ಅದು ತನ್ನ ಕಕ್ಷೆಯಲ್ಲಿ ಸುತ್ತುತ್ತಲೇ ಇರುತ್ತದೆ. ನಮ್ಮ ದೇಹವಾದರೋ ಹೊಸ ತಿಳಿವಿನಿಂದ ಲಾಭ ಪಡೆಯಬಲ್ಲುದು. ಪಡೆಯುವ ಮನಸ್ಸು ನಮಗಿರಬೇಕು.