ವರ್ಗಾವಣೆಗೆ ಅರ್ಜಿ ಬರೆಯುವ ಮೊದಲು

ಕೆಲಸದ ಮೇಲೆ ಕೋಲಾರದ ಚಿನ್ನದ ಗಣಿಯ ಊರಾದ ಕೆಜಿಎಫ್‌ಗೆ ಬರುವ ಕನ್ನಡಿಗರಲ್ಲಿ, ಅವರು ಶಿಕ್ಷಕರಿರಲಿ, ಬ್ಯಾಂಕಿನವರಿರಲಿ, ಪೊಲೀಸರಿರಲಿ, ಬಂದ ವಾರದಲ್ಲೇ ವರ್ಗಾವಣೆಯ ಲೆಕ್ಕ ಹಾಕುವವರು ಬಹಳ. ಅಂಗಡಿಯಲ್ಲಿ ತಮಿಳು, ಆಟೋದಲ್ಲಿ ತಮಿಳು, ಬಂಗಾರಪೇಟೆಗೆ ಇಳಿದರೆ ತೆಲುಗು, ಉರ್ದು. ಸ್ವಂತ ರಾಜ್ಯದಲ್ಲೇ ಪರದೇಶಿಯಾದೆವು ಎನ್ನುತ್ತಾರೆ. ನಾನು ಶಿವಮೊಗ್ಗದ ಕಡೆಯವಳು. ಗಣಿ ಇನ್ನೂ ನಡೆಯುತ್ತಿದ್ದಾಗ ಇಲ್ಲಿಗೆ ಕನ್ನಡ ಕಲಿಸಲು ಬಂದೆ, ನಿವೃತ್ತಿಯಾದ ಮೇಲೂ ಇಲ್ಲಿನ ರಾಬರ್ಟ್‌ಸನ್‌ಪೇಟೆಯಲ್ಲೇ ಉಳಿದೆ. ಹೊಸಬರಿಗೆ ಬಾಯಲ್ಲಿ ಹೇಳುತ್ತ ಬಂದದ್ದನ್ನು ಇಲ್ಲಿ ಬರೆದಿದ್ದೇನೆ.

1. ಇಲ್ಲಿ ಯಾರ ಅಜ್ಜನೂ ಇಲ್ಲಿಯವನಲ್ಲ

ಈ ಊರಿನ ಹುಟ್ಟನ್ನು ಮೊದಲು ತಿಳಿದುಕೊಳ್ಳಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿ ಹಿಡಿದ ಮೇಲೆ ಆರ್ಕಾಟು, ಸೇಲಂ, ಚಿತ್ತೂರು ಕಡೆಗಳಿಂದ ಕೂಲಿಯವರು ಬಂದರು. ಮೇಲ್ವಿಚಾರಣೆಗೆ ಇಂಗ್ಲೆಂಡಿನ ಕಾರ್ನ್‌ವಾಲ್‌ನವರು, ಇಟಲಿಯವರು, ಆಂಗ್ಲೋ ಇಂಡಿಯನ್ನರು, ಕಾವಲಿಗೆ ಪಂಜಾಬಿನವರು ಬಂದರು. ಜಪಾನಿನವರೂ ಇಲ್ಲಿ ದುಡಿದಿದ್ದಾರೆ. ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರ ಜೊತೆ ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯದ ಮತ್ತು ಇಂಗ್ಲೆಂಡಿನ ಡರಹ್ಯಾಮಿನ ವಿಜ್ಞಾನಿಗಳು ಸೇರಿ 1965ರಲ್ಲಿ ವಾತಾವರಣದ ನ್ಯೂಟ್ರಿನೋಗಳ ಗುರುತು ಹಿಡಿದರು. ಆಮೇಲೆ ಪ್ರೋಟಾನ್ ಕ್ಷಯದ ಪ್ರಯೋಗಕ್ಕೂ ಜಪಾನಿನವರು ಜೊತೆಯಾದರು. ಇಲ್ಲಿ ಈ ಕೆಲಸಕ್ಕೆ ಅಡಿಪಾಯ ಹಾಕಿದವರಲ್ಲಿ ನಮ್ಮ ನಂಜನಗೂಡಿನ ಬಿ.ವಿ. ಶ್ರೀಕಂಠನ್ ಒಬ್ಬರು. ಇವರೆಲ್ಲ ಕೆಳಗಿಳಿದದ್ದು ತಮಿಳು ಕೂಲಿಗಳು ಇಳಿಯುತ್ತಿದ್ದ ಅದೇ ಕೇಜಿನಲ್ಲಿ, ಅಂದರೆ ಗಣಿಯ ಲಿಫ್ಟಿನಲ್ಲಿ.

ಇಷ್ಟು ತಿಳಿದರೆ, ‘ಇವರು ಹೊರಗಿನವರು, ನಾವು ಒಳಗಿನವರು’ ಎಂಬ ಬಿಗುಮಾನ ತಾನಾಗಿ ಸಡಿಲವಾಗುತ್ತದೆ. ನಾಲ್ಕನೇ ತಲೆಮಾರಿನ ತಮಿಳು ಮನೆಯವರಿಗೆ ತಮಿಳುನಾಡಿನಲ್ಲಿ ಊರು ಅಂತ ಹೇಳಿಕೊಳ್ಳಲು ಏನೂ ಉಳಿದಿಲ್ಲ. ಅವರ ಊರು ಇದೇ.

2. ಮನೆಯನ್ನು ಇಲ್ಲೇ ಮಾಡಿ

ಕೋಲಾರದಲ್ಲೋ ಬೆಂಗಳೂರಿನಲ್ಲೋ ಮನೆ ಇಟ್ಟುಕೊಂಡು ದಿನಾ ಓಡಾಡಿದರೆ ಮೂವತ್ತು ವರ್ಷ ಕಳೆದರೂ ಈ ಊರು ನಿಮ್ಮದಾಗುವುದಿಲ್ಲ. ಬಾಡಿಗೆಗೆ ರಾಬರ್ಟ್‌ಸನ್‌ಪೇಟೆ ಅನುಕೂಲ. ಬ್ರಿಟಿಷರ ಕಾಲದಲ್ಲೇ ಅಡ್ಡಬೀದಿ, ಉದ್ದಬೀದಿ ಎಳೆದು ಕಟ್ಟಿದ ಪೇಟೆ.

ಮನೆ ನೋಡುವಾಗ ಮೂರು ವಿಷಯ ನೋಡಿ. ಮೊದಲನೆಯದು ನೀರು. ನಲ್ಲಿಯಲ್ಲಿ ಯಾವ ಯಾವ ದಿನ ಬರುತ್ತದೆ, ಸಂಪು ಎಷ್ಟು ದೊಡ್ಡದು, ಟ್ಯಾಂಕರ್ ಬೀದಿಯೊಳಕ್ಕೆ ಬರುತ್ತದೆಯೇ ಎಂದು ಮನೆ ಮಾಲೀಕರನ್ನು ಕೇಳಬೇಡಿ, ಪಕ್ಕದ ಮನೆಯ ಹೆಂಗಸರನ್ನು ಕೇಳಿ. ಪಾಲಾರ್ ನದಿಯ ಬೇತಮಂಗಲದ ಕೆರೆಯಿಂದ ನೀರು ತಂದು ಬೆಳೆಸಿದ ಊರಿದು, ನೀರಿನ ಚಿಂತೆ ಇಂದಿಗೂ ತಪ್ಪಿಲ್ಲ. ಎರಡನೆಯದು ಸೈನೈಡ್ ದಿಬ್ಬ. ಅದಿರನ್ನು ಪುಡಿಮಾಡಿ ಚಿನ್ನ ತೆಗೆದುಕೊಂಡ ಮೇಲೆ ಉಳಿದ ಬೂದುಬಣ್ಣದ ಹುಡಿ ಗುಡ್ಡಗಳಾಗಿ ನಿಂತಿದೆ. ಆಷಾಢದ ಗಾಳಿ ಪಡುವಣದಿಂದ ಬೀಸುತ್ತದೆ. ದಿಬ್ಬದ ಮೂಡಣಕ್ಕಿರುವ ಮನೆಯಾದರೆ ಒಗೆದು ಹಾಕಿದ ಬಟ್ಟೆ, ಮುಚ್ಚಳವಿಲ್ಲದ ಪಾತ್ರೆ, ಮಕ್ಕಳ ಕಣ್ಣು, ಎಲ್ಲದರ ಮೇಲೂ ಆ ಹುಡಿ ಕೂರುತ್ತದೆ. ಉಬ್ಬಸ ಇರುವವರು ಅಂಥ ಮನೆ ಹಿಡಿಯಲೇಬಾರದು. ಮೂರನೆಯದು ಗೋಡೆಯ ಬಿರುಕು. ಗಣಿಯೊಳಗೆ ಬಂಡೆ ಸಿಡಿದರೆ ಮೇಲೆ ನೆಲ ನಡುಗುತ್ತಿತ್ತು, ಅಡುಗೆಮನೆಯ ಸ್ಟೀಲ್ ಪಾತ್ರೆಗಳು ಗಲಗಲ ಎನ್ನುತ್ತಿದ್ದವು. ಗಣಿ ಮುಚ್ಚಿ ಸುರಂಗಗಳಲ್ಲಿ ನೀರು ತುಂಬಿದ ಮೇಲೂ ಇಂಥ ನಡುಕಗಳು ನಿಲ್ಲಲಿಲ್ಲ. ಹಾಗಾಗಿ ಹೊಸ ಸುಣ್ಣ ನೋಡಿ ಮರುಳಾಗಬೇಡಿ.

3. ಮೊದಲು ನೀವು ತಮಿಳು ಕಲಿಯಿರಿ

ಕನ್ನಡದ ಟೀಚರೇ ಹೀಗೆ ಹೇಳುವುದೇ ಎಂದು ಬೇಸರಪಟ್ಟವರಿದ್ದಾರೆ. ಆದರೂ ನಾನು ಹೇಳುವ ಪಾಠಗಳಲ್ಲಿ ಇದೇ ದೊಡ್ಡದು.

ಇಲ್ಲಿನ ಬೀದಿಯಲ್ಲಿ ಬೆಳಗಿನ ಮೊದಲ ಮಾತು ‘ತಣ್ಣಿ ವಂದಿಚ್ಚಾ?’ ನೀರು ಬಂತಾ ಎಂದು. ಅದಕ್ಕೆ ಉತ್ತರ ಹೇಳುವಷ್ಟು ತಮಿಳು ಬಂದ ದಿನ ನೀವು ಬೀದಿಯವರಾದಿರಿ. ಊಟ, ನೀರು, ಜ್ವರ, ಮಕ್ಕಳ ಓದು, ಇಷ್ಟರ ಬಗ್ಗೆ ಮಾತಾಡಲು ಬಂದರೆ ಮೊದಲ ವರ್ಷಕ್ಕೆ ಸಾಕು. ನಾನು ಸೊಪ್ಪು ಕೊಳ್ಳುತ್ತಿದ್ದ ಅಜ್ಜಿಯ ಹತ್ತಿರ ಕನ್ನಡದಲ್ಲಿ ಕೇಳಿದಷ್ಟು ಕಾಲ ಅವರು ಬೆರಳಿನಲ್ಲೇ ರೇಟು ತೋರಿಸುತ್ತಿದ್ದರು. ‘ಪಾಟಿ, ಇದು ಎವ್ವಳವು?’, ಅಜ್ಜಿ ಇದಕ್ಕೆಷ್ಟು ಎಂದು ತಮಿಳಿನಲ್ಲಿ ಕೇಳಲು ಶುರುಮಾಡಿದ ಮೇಲೆ, ‘ಹತ್ತು ರೂಪಾಯಿ ಕೊಡು ಟೀಚರಮ್ಮ, ನಿನಗೆ ಹೆಚ್ಚು ಹೇಳ್ತೀನಾ’ ಎಂದು ಚೊಕ್ಕ ಕನ್ನಡದಲ್ಲಿ ಉತ್ತರ ಬಂತು. ಕನ್ನಡ ಅವರಿಗೆ ಮೊದಲಿನಿಂದಲೂ ಬರುತ್ತಿತ್ತು. ಆಡುವ ಧೈರ್ಯ ಬಂದದ್ದು ನಾನು ತೊದಲುತ್ತಾ ತಮಿಳಾಡಿದ ಮೇಲೆ.

ಶಿಕ್ಷಕರಿಗಂತೂ ತಮಿಳು ಲಿಪಿಯೂ ಗೊತ್ತಿರಬೇಕು. ಮನೆಯಲ್ಲಿ ತಮಿಳಾಡುವ ಮಗು ‘ಗಣಪತಿ’ ಎಂದು ಬರೆಯುವ ಕಡೆ ‘ಕಣಪದಿ’ ಎಂದು ಬರೆಯುತ್ತದೆ, ‘ಬಾಳೆ’ಯನ್ನು ‘ಪಾಳೆ’ ಮಾಡುತ್ತದೆ. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ, ಪ, ಬ ಎರಡಕ್ಕೂ ಒಂದೇ. ಮಹಾಪ್ರಾಣವೇ ಇಲ್ಲ. ಇದು ಗೊತ್ತಿಲ್ಲದ ಶಿಕ್ಷಕರು ಮಗುವನ್ನು ದಡ್ಡ ಎಂದುಬಿಡುತ್ತಾರೆ. ಗೊತ್ತಿದ್ದವರು ಕಪ್ಪುಹಲಗೆಯ ಮೇಲೆ ಎರಡೂ ಅಕ್ಷರ ಪಕ್ಕಪಕ್ಕ ಬರೆದು, ಮಗುವಿನ ಕೈಯನ್ನು ಅದರದೇ ಗಂಟಲ ಮೇಲೆ ಇಡಿಸಿ, ‘ಕ’ ಎಂದಾಗ ಅದುರುವುದಿಲ್ಲ, ‘ಗ’ ಎಂದಾಗ ಅದುರುತ್ತದೆ ನೋಡು ಎಂದು ತೋರಿಸುತ್ತಾರೆ. ಹಾಗೆ ಕಲಿತ ಮಕ್ಕಳು ಆಮೇಲೆ ಕೈ ಗಂಟಲಿಗೆ ಒಯ್ದು ತಾವೇ ತಿದ್ದಿಕೊಳ್ಳುವುದನ್ನು ನೋಡುವುದೇ ಒಂದು ಸಂತೋಷ.

4. ನಿಮ್ಮ ಕನ್ನಡವನ್ನು ಅರ್ಜಿ ಬರೆದುಕೊಡಲು ಬಳಸಿ

ಈಚೆಗೆ ಪ್ರತ್ಯೇಕ ತಾಲ್ಲೂಕಾಗುವವರೆಗೆ ಕೆಜಿಎಫ್ ಇದ್ದದ್ದು ಬಂಗಾರಪೇಟೆ ತಾಲ್ಲೂಕಿನಲ್ಲಿ. ಜಾತಿ ಪ್ರಮಾಣಪತ್ರ, ಪಿಂಚಣಿ, ಪಡಿತರ ಚೀಟಿ, ಏನೇ ಇರಲಿ, ಒಂದು ದಿನದ ಕೂಲಿ ಬಿಟ್ಟು ಅಲ್ಲಿಗೆ ಹೋಗಬೇಕಿತ್ತು. ಅರ್ಜಿ ಕನ್ನಡದಲ್ಲಿ, ಮನೆಯಲ್ಲಿ ಕನ್ನಡ ಓದಬಲ್ಲವರು ಯಾರೂ ಇಲ್ಲ, ಬರೆದುಕೊಡುವವರಿಗೆ ಕಾಸು. ಸಂಜೆ ಅರ್ಧ ಗಂಟೆ ಜಗಲಿಯಲ್ಲಿ ಕೂತು ಒಂದೆರಡು ಅರ್ಜಿ ಬರೆದುಕೊಟ್ಟರೆ ನಿಮ್ಮ ಹೆಸರು ನಾಲ್ಕು ಬೀದಿಗೆ ಗೊತ್ತಾಗುತ್ತದೆ. ತುಂಬಿದ್ದನ್ನು ಅವರಿಗೆ ತಮಿಳಿನಲ್ಲಿ ಓದಿ ಹೇಳದೆ ಸಹಿ ಮಾತ್ರ ಹಾಕಿಸಿಕೊಳ್ಳಬೇಡಿ.

ಇದಕ್ಕೆ ಕಾರಣವಿದೆ. ಈ ಊರಿನವರಿಗೆ ಕಾಗದ ಎಂದರೆ ಹಳೆಯ ಅನುಮಾನ. 1930ರಲ್ಲಿ ಗಣಿ ಕಂಪನಿಗಳು ಕೂಲಿಗಳ ಹೆಬ್ಬೆರಳ ಗುರುತು ತೆಗೆದು ನೋಂದಾಯಿಸಲು ಹೊರಟಾಗ ಸಾವಿರಾರು ಜನ ಕೆಲಸ ನಿಲ್ಲಿಸಿದರು. ದುಡಿಯಲು ಬಂದವರನ್ನು ಕಳ್ಳರಂತೆ ಗುರುತು ಹಾಕಿದರೆ ಎಲ್ಲಿಯ ಜನವೂ ಸಹಿಸುವುದಿಲ್ಲ.

5. ರೈಲಿನಲ್ಲಿ ಊರು ಸಿಗುತ್ತದೆ

ಬಂಗಾರಪೇಟೆಯಿಂದ ಗಣಿಗಳಿಗೆ 1894ರಲ್ಲಿ ರೈಲು ಬಂತು. ಆಗ ಬಂಗಾರಪೇಟೆಯ ಹೆಸರು ಬೌರಿಂಗ್‌ಪೇಟೆ. ಈಗ ನಸುಕಿನಲ್ಲಿ ಮಾರಿಕುಪ್ಪಂ ಬಿಡುವ ರೈಲು ಚಾಂಪಿಯನ್, ಊರಗಾಂ, ಕೋರಮಂಡಲ ದಾಟುವಷ್ಟರಲ್ಲೇ ತುಂಬಿರುತ್ತದೆ. ಸೆಕ್ಯುರಿಟಿ ಗಾರ್ಡುಗಳು, ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಐಟಿ ಹುಡುಗರು ವೈಟ್‌ಫೀಲ್ಡ್, ಕೆ.ಆರ್. ಪುರ, ಕಂಟೋನ್ಮೆಂಟ್‌ನಲ್ಲಿ ಇಳಿಯುತ್ತಾರೆ. ಬೆಂಗಳೂರಿಗೆ ಹೋಗುವ ಕೆಲಸ ಬಂದಾಗ ಬಸ್ಸು ಬಿಟ್ಟು ಇದರಲ್ಲೇ ಹೋಗಿ. ಯಾರ ಮಗಳಿಗೆ ಮದುವೆ ಗೊತ್ತಾಯಿತು, ಯಾವ ಲೈನಿನಲ್ಲಿ (ಗಣಿ ಕಾರ್ಮಿಕರ ಸಾಲುಮನೆಗಳಿಗೆ ಇಲ್ಲಿ ಲೈನು ಎನ್ನುತ್ತಾರೆ) ಯಾರು ತೀರಿಕೊಂಡರು, ಎಲ್ಲ ಸುದ್ದಿಯೂ ಇಲ್ಲೇ ಸಿಗುತ್ತದೆ. ಖಾಯಂ ಪ್ರಯಾಣಿಕರ ಜಾಗದಲ್ಲಿ ಕೇಳದೆ ಕೂರಬಾರದು. ಕೇಳಿದರೆ ಸರಿದು ಕೂರಿಸಿಕೊಳ್ಳುತ್ತಾರೆ. ವಾಪಸು ಬರುವಾಗ ಹೊತ್ತಿದ್ದರೆ ಬಂಗಾರಪೇಟೆಯಲ್ಲಿ ಇಳಿದು ಬಣ್ಣವಿಲ್ಲದ ತಿಳಿನೀರಿನ ಪಾನಿಪುರಿ ತಿನ್ನಿ. ಅದು ಈ ಭಾಗದ ಹೆಮ್ಮೆ.

6. ಹಬ್ಬಕ್ಕೆ ಕರೆದರೆ ಹೋಗಿ

ತಮಿಳರ ಆಡಿ ತಿಂಗಳಲ್ಲಿ ಮಾರಿಯಮ್ಮನ ಗುಡಿಯ ಮುಂದೆ ಕೂಳು ಹಂಚುತ್ತಾರೆ. ನಮ್ಮ ಅಂಬಲಿಯೇ ಅದು, ಲೋಟ ಹಿಡಿದು ನಿಲ್ಲಿ. ಕ್ರಿಸ್ಮಸ್‌ಗೆ ಲೈನುಗಳ ತುಂಬ ಕಾಗದದ ನಕ್ಷತ್ರಗಳು. ಬುದ್ಧಪೂರ್ಣಿಮೆಯನ್ನೂ ಮರೆಯಬೇಡಿ. ತಮಿಳು ದಲಿತ ಚಿಂತಕ ಅಯೋತ್ತಿದಾಸ ಪಂಡಿತರ ಬೌದ್ಧ ಸಂಘ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲೇ ಇಲ್ಲಿ ಬೇರೂರಿತ್ತು. ಅಂಬೇಡ್ಕರ್ 1954ರಲ್ಲಿ ಈ ಊರಿಗೆ ಬಂದಿದ್ದರು. ನಿಮ್ಮ ತರಗತಿಯ ಮಗುವಿನ ಮುತ್ತಾತ ಇಂಥ ಚಳವಳಿಯಲ್ಲಿದ್ದವನಿರಬಹುದು. ಅಂಥವರ ಮಕ್ಕಳಿಗೆ ಓದಿನ ಬೆಲೆ ನಾವು ಹೇಳಿಕೊಡಬೇಕಿಲ್ಲ.

7. ಸಾವಿನ ಮನೆಗೆ ಕರೆಯದೆ ಹೋಗಿ

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಎಸ್ಸೆಸ್ಸೆಲ್ಸಿ ಪರೀಕ್ಷೆ ತಲೆಯ ಮೇಲಿತ್ತು. ಅಪ್ಪಂದಿರು ಹಗಲಲ್ಲಿ ಮನೆಯ ಮುಂದೆ ಸುಮ್ಮನೆ ಕೂತಿರುವುದನ್ನು ನನ್ನ ತರಗತಿಯ ಮಕ್ಕಳು ಮೊದಲ ಬಾರಿ ನೋಡಿದರು. ಆಮೇಲೆ ಆ ಅಪ್ಪಂದಿರಲ್ಲಿ ಅನೇಕರು ಬೆಂಗಳೂರಿನ ಕಟ್ಟಡಗಳಿಗೆ ಕಾವಲು ನಿಂತರು, ಮಕ್ಕಳು ಅಜ್ಜಿಯರ ಹತ್ತಿರ ಉಳಿದರು. ವರ್ಷಗಟ್ಟಲೆ ಕಲ್ಲಿನ ಧೂಳು ಕುಡಿದ ಎದೆಗಳು ಒಂದೊಂದಾಗಿ ಸೋತವು. ಸಿಲಿಕೋಸಿಸ್ ಎಂಬ ಹೆಸರು ಇಲ್ಲಿ ಅನಕ್ಷರಸ್ಥರಿಗೂ ಗೊತ್ತು.

ಲೈನಿನಲ್ಲಿ ಸಾವಾದರೆ ಪರೈ ತಮಟೆಯ ಸದ್ದು ಕೇಳಿಸುತ್ತದೆ. ಒಂದು ಹೂವಿನ ಹಾರ ತೆಗೆದುಕೊಂಡು ಹೋಗಿ, ಶಾಮಿಯಾನದ ಕೆಳಗೆ ಅರ್ಧ ಗಂಟೆ ಕೂತು, ಏನೂ ಹೇಳದೆ ಎದ್ದು ಬನ್ನಿ. ಹೇಳಿ ಹೊರಡಬಾರದೆಂಬ ರೂಢಿ ನಮ್ಮಲ್ಲೂ ಇದೆಯಲ್ಲ. ಮನೆಯ ಒಳಗೆ ಹೋದರೆ ನೋಡಿ: ಹತ್ತಡಿ ಕೋಣೆ, ಗೋಡೆಯಲ್ಲಿ ಮೊಳೆಗೆ ನೇತುಹಾಕಿದ ಗಣಿಯ ಹೆಲ್ಮೆಟ್ಟು, ಅದರ ಕೆಳಗೆ ಮಗನ ಶಾಲೆಯ ಬ್ಯಾಗು. ಆ ಮನೆಯ ಮಗು ಮರುವಾರ ತರಗತಿಗೆ ಬಂದಾಗ ಹೋಂವರ್ಕ್ ಕೇಳುವ ನಿಮ್ಮ ದನಿ ಬೇರೆಯಾಗಿರುತ್ತದೆ.

8. ಕಾವೇರಿ ಗಲಾಟೆಯ ದಿನಗಳಲ್ಲಿ

1991ರಲ್ಲಿ, 2016ರಲ್ಲಿ ಬೆಂಗಳೂರು ಹೊತ್ತಿಕೊಂಡಾಗ ಇಲ್ಲಿ ಎಲ್ಲರೂ ದನಿ ತಗ್ಗಿಸಿ ಮಾತಾಡುತ್ತಿದ್ದರು. ಅಂಥ ದಿನಗಳಲ್ಲಿ ದಿನಾ ಹೋಗುವ ಅಂಗಡಿಗೇ ಹೋಗಿ, ದಿನದ ಮಾತನ್ನೇ ಆಡಿ. ಫೋನಿಗೆ ಬಂದ ವಿಡಿಯೋ ಯಾರಿಗೂ ಕಳಿಸಬೇಡಿ.

9. ಕೊನೆಯದಾಗಿ, ಹೊಸ ಕನ್ನಡ ಶಿಕ್ಷಕರಿಗೆ

ನನ್ನ ತರಗತಿಯಲ್ಲಿ ಮನೆಮಾತು ಕನ್ನಡವಾಗಿದ್ದ ಮಕ್ಕಳು ಯಾವಾಗಲೂ ಬೆರಳೆಣಿಕೆ. ಉಳಿದವರಿಗೆ ಕನ್ನಡ ಸಿಗುವುದು ಶಾಲೆಯಲ್ಲಿ ಮಾತ್ರ. ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಯಿರಲಿ, ಗ್ರಾಮ ಪಂಚಾಯಿತಿಯ ಕೆಲಸವಿರಲಿ, ಈ ರಾಜ್ಯದಲ್ಲಿ ಸರ್ಕಾರಿ ಬಾಗಿಲು ತೆರೆಯುವುದು ಆ ಭಾಷೆಯಿಂದ. ಕನ್ನಡ ಶಿಕ್ಷಕರು ನಡುವರ್ಷ ವರ್ಗವಾಗಿ ಹೋಗಿ ಜಾಗ ಖಾಲಿ ಬಿದ್ದರೆ ನಷ್ಟ ಪೂರ್ತಿ ಆ ಮಕ್ಕಳದ್ದೇ. ಆದ್ದರಿಂದ ಕನಿಷ್ಠ ಒಂದು ತಂಡ ಎಂಟನೇ ತರಗತಿಯಿಂದ ಎಸ್ಸೆಸ್ಸೆಲ್ಸಿ ಮುಗಿಸುವವರೆಗಾದರೂ ಇಲ್ಲೇ ಇದ್ದು ಕಲಿಸಿ ಎಂದು ಕೇಳಿಕೊಳ್ಳುತ್ತೇನೆ.